ಶಾಲೆ ಮುಂದಿನ ವೇಗಕ್ಕೆ ಮೂಗುದಾರ: ಹಂತ ಹಂತವಾಗಿ

ಅಜ್ಜಂಪುರದ ಕಡೆಯಿಂದ ಬಂದ ಬಸ್ಸು ಬೆಳಗಿನ ಹೊತ್ತು ಚಿಕ್ಕಮಗಳೂರು ಜಿಲ್ಲೆಯ ಶಿವನಿಯಲ್ಲಿ ನಿಲ್ಲುತ್ತದೆ. ಹೆಗಲಿಗೆ ಬ್ಯಾಗು ಏರಿಸಿಕೊಂಡ ಮಕ್ಕಳು ದಬದಬ ಇಳಿಯುತ್ತಾರೆ. ಬೆಲ್ ಹೊಡೆದೀತೆಂಬ ಆತುರ. ನಿಂತ ಬಸ್ಸಿನ ಮೂತಿಯ ಮುಂದಿನಿಂದಲೇ ಆ ಕಡೆಗೆ ಓಡುತ್ತಾರೆ. ಅದೇ ಹೊತ್ತಿಗೆ ಹಿಂದಿದ್ದ ಬೈಕಿನವನು ಬಸ್ಸನ್ನು ದಾಟಲು ಬಲಕ್ಕೆ ಎಳೆದಿರುತ್ತಾನೆ. ಅವನಿಗೆ ಮಗು ಕಾಣುವುದಿಲ್ಲ, ಮಗುವಿಗೆ ಅವನು ಕಾಣುವುದಿಲ್ಲ. ದಿನಾ ಹೀಗೇ ನಡೆಯುತ್ತದೆ, ದಿನಾ ಏನೂ ಆಗುವುದಿಲ್ಲ. ಏನೂ ಆಗದಿರುವುದನ್ನೇ ನಾವು ರಸ್ತೆ ಚೆನ್ನಾಗಿದೆ ಎಂದುಕೊಂಡು ಸುಮ್ಮನಿದ್ದೇವೆ.

ಶಿವನಿ ಒಂದೇ ಅಲ್ಲ. ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಯಾವ ಹೋಬಳಿ ಊರಿಗೆ ಹೋದರೂ ಚಿತ್ರ ಇದೇ. ಈರುಳ್ಳಿ ಕಾಲದಲ್ಲಿ ಲಾರಿ, ಅಡಿಕೆ ಕೊಯ್ಲಿನಲ್ಲಿ ಟೆಂಪೊ, ವರ್ಷವಿಡೀ ಟ್ರ್ಯಾಕ್ಟರು, ಟಿಪ್ಪರು. ರಸ್ತೆಗೆ ಹೊಸ ಡಾಂಬರು ಬಿದ್ದಷ್ಟೂ ಗಾಡಿಗಳಿಗೆ ಕಾಲು ಬಂದಂತೆ. ಇದನ್ನು ಸರಿಮಾಡಲು ನೀವು ಎಂಜಿನಿಯರ್ ಆಗಿರಬೇಕಿಲ್ಲ, ಲೀಡರ್ ಆಗಿರಬೇಕಿಲ್ಲ. ಮಗುವನ್ನು ಶಾಲೆಗೆ ಕಳಿಸುವ ತಾಯಿಯೋ ತಂದೆಯೋ ಆಗಿದ್ದರೆ ಸಾಕು. ಭಯಪಡಬೇಡಿ, ಒಂದೊಂದೇ ಹೆಜ್ಜೆ ಇಡೋಣ.

ಬೇಕಾದ ಸಾಮಾನು ಇಷ್ಟೇ: ಒಂದು ನೋಟ್‌ಬುಕ್, ಪೆನ್ನು, ಉದ್ದನೆಯ ಅಳತೆ ಟೇಪು (ಗಾರೆ ಮೇಸ್ತ್ರಿಗಳ ಹತ್ತಿರ ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ), ಸೀಮೆಸುಣ್ಣ, ಸ್ಟಾಪ್‌ವಾಚ್ ಇರುವ ಮೊಬೈಲು. ಜೊತೆಗೊಬ್ಬರು ಬೇಕೇ ಬೇಕು. ಒಬ್ಬರೇ ಹೊರಟರೆ ಎರಡನೇ ವಾರಕ್ಕೆ ಕೈಬಿಡುತ್ತೀರಿ.

ಹಂತ 1: ಸುಮ್ಮನೆ ನಿಂತು ನೋಡಿ

ಬೆಳಗ್ಗೆ ಬೆಲ್ ಹೊಡೆಯುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಶಾಲೆ ಗೇಟಿನ ಹತ್ತಿರ ಹೋಗಿ. ಸಂಜೆ ಶಾಲೆ ಬಿಡುವ ಹೊತ್ತಿಗೂ ಹೋಗಿ. ಎರಡು ದಿನ ಸಾಕು. ಯಾರನ್ನೂ ತಡೆಯಬೇಡಿ, ಬೈಯಬೇಡಿ, ಬುದ್ಧಿ ಹೇಳಬೇಡಿ. ನೋಡಿದ್ದನ್ನು ಬರೆದುಕೊಳ್ಳಿ. ಮಕ್ಕಳು ಎಲ್ಲಿ ದಾಟುತ್ತಾರೆ? ಬಸ್ಸು ಎಲ್ಲಿ ನಿಲ್ಲುತ್ತದೆ? ಗಾಡಿಗಳು ಯಾವ ಕಡೆಯಿಂದ ಜೋರಾಗಿ ಬರುತ್ತವೆ? ಆಟೊ, ಬೈಕು ಗೇಟಿಗೆ ಅಡ್ಡ ನಿಲ್ಲುತ್ತವೆಯೇ?

ಹೊಸಬರು ಎಡವುವುದು ಇಲ್ಲೇ. ಮೊದಲ ದಿನವೇ 'ಇಲ್ಲೊಂದು ಹಂಪ್ಸ್ ಹಾಕಿಸಿದರೆ ಎಲ್ಲ ಸರಿಹೋಗುತ್ತೆ' ಎಂದು ತೀರ್ಮಾನ ಮಾಡಿಬಿಡುತ್ತೇವೆ. ಆ ಮಾತನ್ನು ಎರಡು ವಾರ ಬಾಯಿಗೆ ತರಬೇಡಿ. ಎಷ್ಟೋ ಕಡೆ ಕಾಯಿಲೆ ಒಂದು ಕಡೆ ಇರುತ್ತದೆ, ಉಬ್ಬು ಇನ್ನೊಂದು ಕಡೆ ಕೂತಿರುತ್ತದೆ. ದೊಡ್ಡವರು ದಾಟುವ ಜಾಗ ನೋಡಿ ಉಬ್ಬು ಹಾಕಿಸಿರುತ್ತಾರೆ. ಮಕ್ಕಳು ಕಾಂಪೌಂಡಿನ ಮೂಲೆಯ ಕಿಂಡಿಯಿಂದ ನುಸುಳಿ, ಅಂಗಡಿಯ ಪೆಪ್ಪರಮೆಂಟಿಗೆ ನೇರವಾಗಿ ಓಡುತ್ತಿರುತ್ತಾರೆ.

ಹಂತ 2: ಮಕ್ಕಳ ಕೈಲಿ ನಕ್ಷೆ ಬರೆಸಿ

ಮೇಷ್ಟ್ರನ್ನೋ ಮೇಡಂ ಅವರನ್ನೋ ಒಂದು ಪಿರಿಯಡ್ ಕೇಳಿ ಪಡೆಯಿರಿ. ಐದನೆಯ ತರಗತಿ ಮೇಲಿನ ಮಕ್ಕಳಿಗೆ ಡ್ರಾಯಿಂಗ್ ಶೀಟ್ ಕೊಟ್ಟು, ಮನೆಯಿಂದ ಶಾಲೆವರೆಗಿನ ದಾರಿ ಬಿಡಿಸಲು ಹೇಳಿ. ಭಯವಾಗುವ ಜಾಗಕ್ಕೆ ಕೆಂಪು ಬಣ್ಣ, ಸಲೀಸಾದ ಜಾಗಕ್ಕೆ ಹಸಿರು. ಅಷ್ಟೇ ನಿಯಮ.

ಆ ಹಾಳೆಗಳಲ್ಲಿ ಏನೇನು ಬರುತ್ತದೆ ಗೊತ್ತೇ? ಸೇತುವೆ ಹತ್ತಿರದ ನಾಯಿ. ಮಳೆಗಾಲದಲ್ಲಿ ನೀರು ನಿಂತು, ರಸ್ತೆ ಮಧ್ಯಕ್ಕೆ ಬಂದು ನಡೆಯಬೇಕಾದ ಜಾಗ. ರಸ್ತೆ ಬದಿಯ ಜಾಲಿ ಮುಳ್ಳು ಚಾಚಿಕೊಂಡು ಸೈಕಲ್ಲನ್ನು ಡಾಂಬರಿನ ಮೇಲಕ್ಕೆ ತಳ್ಳುವ ತಿರುವು. ಸುಗ್ಗಿಯಲ್ಲಿ ರಾಗಿ, ಹುರುಳಿ ಹರಡಿ ಅರ್ಧ ರಸ್ತೆ ಕಣವಾಗಿರುವ ಜಾಗ. ಬೈಕಿನಲ್ಲಿ ಓಡಾಡುವ ನಮ್ಮ ಕಣ್ಣಿಗೆ ಇವು ಬೀಳುವುದೇ ಇಲ್ಲ. ನಾಲ್ಕಡಿ ಎತ್ತರದ ಕಣ್ಣಿಗೆ ರಸ್ತೆ ಬೇರೆಯೇ ಆಗಿ ಕಾಣುತ್ತದೆ. ನಿಂತ ಒಂದು ಕಾರು ಸಾಕು, ಅದರಾಚೆಯದೇನೂ ಮಗುವಿಗೆ ಕಾಣುವುದಿಲ್ಲ.

ಎಲ್ಲ ಹಾಳೆಗಳನ್ನೂ ಒಟ್ಟಿಗೆ ಹರಡಿ. ಹೆಚ್ಚು ಕೆಂಪು ಬಿದ್ದಿರುವ ಮೂರು ಜಾಗಗಳನ್ನು ಆರಿಸಿ. ನಿಮ್ಮ ಕೆಲಸ ಆ ಮೂರು ಜಾಗಗಳಿಂದ ಶುರು. ಇಡೀ ಊರಿನ ರಸ್ತೆ ಒಂದೇ ಸಲ ಸರಿಮಾಡಲು ಹೋಗಬೇಡಿ.

ಹಂತ 3: ವೇಗ ಅಳೆಯಿರಿ

ಈ ಕೆಲಸದ ಜೀವ ಇರುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ. 'ಬಹಳ ಸ್ಪೀಡಾಗಿ ಹೋಗ್ತಾರೆ ಸಾರ್' ಎಂದರೆ ಯಾವ ಕಚೇರಿಯಲ್ಲೂ ಫೈಲು ಹುಟ್ಟುವುದಿಲ್ಲ. ಒಂದು ಲೆಕ್ಕ ಬರೆದುಕೊಂಡು ಹೋಗಿ, ಮಾತಿನ ತೂಕವೇ ಬೇರೆಯಾಗುತ್ತದೆ. ಪೊಲೀಸರ ರಡಾರ್ ಗನ್ ಬೇಕಿಲ್ಲ. ಹೀಗೆ ಮಾಡಿ:

ಅ. ಗೇಟಿಗೆ ಮುಂಚೆ, ರಸ್ತೆ ನೇರವಾಗಿರುವ ಕಡೆ, ಟೇಪು ಹಿಡಿದು ಸರಿಯಾಗಿ 50 ಮೀಟರ್ ಅಳೆಯಿರಿ. ರಸ್ತೆ ಖಾಲಿ ಇರುವ ಹೊತ್ತು ನೋಡಿ, ಮಣ್ಣಿನ ಅಂಚಿನಲ್ಲೇ ಅಳೆಯಿರಿ. ಡಾಂಬರಿನ ಮೇಲೆ ಬಗ್ಗಿ ಕೂರಬೇಡಿ.

ಆ. ಎರಡೂ ತುದಿಯಲ್ಲಿ ಅಂಚಿಗೆ ಸೀಮೆಸುಣ್ಣದ ಗೆರೆ ಹಾಕಿ. ಕರೆಂಟ್ ಕಂಬವೋ ಮರವೋ ಸರಿಯಾಗಿ ಸಿಕ್ಕಿದರೆ ಅದೇ ಗುರುತು.

ಇ. ಮೊದಲ ಗೆರೆಯ ಹತ್ತಿರ ಒಬ್ಬರು, ಎರಡನೆಯದರ ಹತ್ತಿರ ಮೊಬೈಲ್ ಹಿಡಿದ ನೀವು. ರಸ್ತೆಯಿಂದ ಸಾಕಷ್ಟು ಹಿಂದೆ ನಿಲ್ಲಿ. ಅರಳಿಕಟ್ಟೆಯೋ ಅಂಗಡಿ ಜಗುಲಿಯೋ ಇದ್ದರೆ ಕೂತೇಬಿಡಿ. ಕೈಯಲ್ಲಿ ಪುಸ್ತಕ ಹಿಡಿದು ನಿಂತವರನ್ನು ಕಂಡರೆ ಡ್ರೈವರುಗಳು ತಾವಾಗಿಯೇ ನಿಧಾನ ಮಾಡುತ್ತಾರೆ, ಆಗ ಲೆಕ್ಕ ಕೆಡುತ್ತದೆ.

ಈ. ಗಾಡಿಯ ಮುಂದಿನ ಚಕ್ರ ಮೊದಲ ಗೆರೆ ತುಳಿದ ಕೂಡಲೇ ಅಲ್ಲಿದ್ದವರು ಎತ್ತಿದ ಟವೆಲ್ ಕೆಳಗಿಳಿಸಲಿ. ನೀವು ಸ್ಟಾಪ್‌ವಾಚ್ ಒತ್ತಿ. ಅದೇ ಚಕ್ರ ನಿಮ್ಮ ಗೆರೆ ತುಳಿದಾಗ ಮತ್ತೆ ಒತ್ತಿ.

ಉ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬಂದದ್ದೇ ಗಂಟೆಗೆ ಕಿಲೋಮೀಟರ್ ಲೆಕ್ಕದ ವೇಗ.

ಭಾಗಾಕಾರಕ್ಕೆ ಹೆದರುವವರು ಇಷ್ಟು ನೆನಪಿಟ್ಟುಕೊಂಡರೆ ಸಾಕು. 9 ಸೆಕೆಂಡ್ ಹಿಡಿದರೆ ವೇಗ 20. 6 ಸೆಕೆಂಡಿಗೆ 30. ನಾಲ್ಕೂವರೆಗೆ 40. 3.6ಕ್ಕೆ 50. ಮೂರೇ ಸೆಕೆಂಡಿನಲ್ಲಿ ದಾಟಿದರೆ 60. ಶುರು ಮಾಡುವ ಮುಂಚೆ ನಿಮ್ಮವರೇ ಯಾರಾದರೂ ಬೈಕಿನ ಮೀಟರ್ 30ಕ್ಕೆ ಹಿಡಿದು ನಾಲ್ಕೈದು ಸಲ ಓಡಿಸಲಿ. ಆರು ಸೆಕೆಂಡಿನ ಆಸುಪಾಸು ಬರುತ್ತಿದ್ದರೆ ನಿಮ್ಮ ಕೈ ಪಳಗಿತು ಎಂದು ಅರ್ಥ. ಬೈಕಿನ ಮೀಟರ್ ಸ್ವಲ್ಪ ಹೆಚ್ಚೇ ತೋರಿಸುವುದುಂಟು, ಅಷ್ಟು ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ಕಾರನ್ನು ಎಣಿಸಬೇಡಿ. ಮುಂದೆ ದಾರಿ ಖಾಲಿ ಇರುವ ಗಾಡಿಗಳನ್ನು ಮಾತ್ರ ಹಿಡಿಯಿರಿ. ಬೆಳಗಿನ ಹೊತ್ತಲ್ಲೇ 50 ಗಾಡಿ. ಒಂದು ದಿನಕ್ಕೆ ಸಿಗದಿದ್ದರೆ ಎರಡು ದಿನ ಕೂರಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಸಾಕು: ಸಮಯ, ಗಾಡಿಯ ಬಗೆ, ಸೆಕೆಂಡು, ವೇಗ. ನಂಬರ್ ಪ್ಲೇಟ್ ಬರೆಯಬೇಡಿ, ಡ್ರೈವರ್ ಮುಖದ ಫೋಟೊ ತೆಗೆಯಬೇಡಿ. ನಮಗೆ ಯಾರನ್ನೂ ಹಿಡಿದುಕೊಡಬೇಕಿಲ್ಲ. ನಾಳೆ ಆ ಪುಸ್ತಕದಲ್ಲಿ ನಮ್ಮ ಚಿಕ್ಕಪ್ಪನ ಮಗನ ಗಾಡಿಯೂ ಇರುತ್ತದೆ.

ಕೊನೆಗೆ ಒಂದೇ ಒಂದು ಸಾಲು ಬರೆಯಿರಿ: '50 ಗಾಡಿಗಳಲ್ಲಿ ಇಷ್ಟು ಗಾಡಿಗಳು 30ಕ್ಕಿಂತ ಹೆಚ್ಚು ವೇಗದಲ್ಲಿದ್ದವು.' ಮುಂದೆ ಎಲ್ಲ ಕಚೇರಿಗೂ ನೀವು ಹೊತ್ತೊಯ್ಯುವುದು ಈ ಸಾಲನ್ನೇ.

ಮೂವತ್ತೇ ಯಾಕೆ? ಗಂಟೆಗೆ 30 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಹೆಚ್ಚು ಚಲಿಸುತ್ತದೆ, 60ರ ವೇಗದ್ದು ಹದಿನಾರಕ್ಕೂ ಹೆಚ್ಚು. ಮಗು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕ್ ಹಿಡಿಯುವುದು ಆಮೇಲೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತ ನಾಲ್ಕು ಪಟ್ಟು. ಅದಕ್ಕೇ 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ, ನಡೆಯುವವರೂ ಸೈಕಲ್ಲಿನವರೂ ಗಾಡಿಗಳ ಜೊತೆ ಬೆರೆಯುವ ಜಾಗದಲ್ಲಿ ಗರಿಷ್ಠ ವೇಗ ಗಂಟೆಗೆ 30 ಕಿ.ಮೀ. ಇರಬೇಕೆಂದು ಘೋಷಿಸಿತು. ನಮ್ಮ ಶಾಲೆ ಮುಂದಿನ ರಸ್ತೆಯೂ ಅಂಥದ್ದೇ ತಾನೇ.

ಹಂತ 4: ರಸ್ತೆ ಯಾರದ್ದು ಎಂದು ಪತ್ತೆ ಮಾಡಿ

ತಪ್ಪು ಕಚೇರಿಗೆ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಮಲಗುತ್ತದೆ. ಮೊದಲು ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕೇಸರಿ ಇದ್ದರೆ ಗ್ರಾಮ ಸಡಕ್‌ನಂಥ ಹಳ್ಳಿ ರಸ್ತೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು, ನಾವು ಪಿಡಬ್ಲ್ಯುಡಿ ಎನ್ನುತ್ತೇವಲ್ಲ, ಅದೇ. ಹಳ್ಳಿ ರಸ್ತೆಗಳು ಹೆಚ್ಚಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯ ಕಡೆಗೆ, ಊರೊಳಗಿನ ಬೀದಿಗಳು ಗ್ರಾಮ ಪಂಚಾಯಿತಿಗೆ.

ಕಲ್ಲು ಇಲ್ಲವೇ, ಬಣ್ಣ ಮಾಸಿದೆಯೇ? ಗ್ರಾಮ ಪಂಚಾಯಿತಿಗೆ ಹೋಗಿ ಪಿಡಿಒ ಅವರನ್ನು ಕೇಳಿ, ರಸ್ತೆಗಳ ಪಟ್ಟಿ ಅವರಲ್ಲಿರುತ್ತದೆ.

ಕಡೂರು, ಬೀರೂರು, ತರೀಕೆರೆ ಕಡೆಯವರಿಗೆ ಒಂದು ಮಾತು. ಹಿಂದಿನ 206, ಈಗಿನ 69ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ ನಿಮ್ಮ ಶಾಲೆ ಇದ್ದರೆ ಉಬ್ಬು ಕೇಳಬೇಡಿ. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಉಬ್ಬುಗಳನ್ನು ತೆಗೆಯಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ಅಲ್ಲಿ ಕೇಳಬೇಕಾದ್ದು ಗರಗರ ಸದ್ದು ಮಾಡುವ ರಂಬಲ್ ಸ್ಟ್ರಿಪ್ ಪಟ್ಟಿಗಳು, ಬೋರ್ಡು, ಮಿಣುಕುವ ಹಳದಿ ದೀಪ, ನಡೆಯಲು ಕಂಬಿ ಹಾಕಿದ ದಾರಿ.

ಹಂತ 5: ಕೂತು ಮಾತಾಡಿ

ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಇರುತ್ತದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದರ ಸಭೆಯಲ್ಲಿ ಮಕ್ಕಳ ನಕ್ಷೆ ಗೋಡೆಗೆ ಅಂಟಿಸಿ, ನಿಮ್ಮ ನೋಟ್‌ಬುಕ್ ಓದಿ ಹೇಳಿ. ಅಂಗಡಿಯವರನ್ನು, ಆಟೊದವರನ್ನು, ಟ್ರ್ಯಾಕ್ಟರ್ ಇಟ್ಟವರನ್ನು ಕೈಮುಗಿದು ಕರೆಯಿರಿ. ಅವರನ್ನು ಬಿಟ್ಟು ಮಾಡಿದ ತೀರ್ಮಾನ ರಸ್ತೆಗೆ ಇಳಿಯುವುದಿಲ್ಲ. 'ಉಬ್ಬು ಹಾಕಿದರೆ ನನ್ನ ಈರುಳ್ಳಿ ಮೂಟೆ ಉರುಳುತ್ತೆ' ಎಂದು ಒಬ್ಬರು ಹೇಳಿಯೇ ಹೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ, ಉತ್ತರ ಎಂಟನೆಯ ಹಂತದಲ್ಲಿದೆ.

ಅಪ್ಪ ಅಮ್ಮಂದಿರು ಕೂತು ಮಾತಾಡಿದ್ದರಿಂದಲೇ ಒಂದು ದೇಶದ ರಸ್ತೆಗಳು ಬದಲಾದವು. ನೆದರ್ಲೆಂಡ್ಸ್‌ನಲ್ಲಿ 1971ರಲ್ಲಿ ಒಂದೇ ವರ್ಷ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬರೆದ. ತಾಯಂದಿರು ಮಕ್ಕಳ ಜೊತೆ ಬೀದಿಗಿಳಿದರು. ಈಗ ಸೈಕಲ್ಲಿಗೆ ಹೆಸರಾದ ಆ ದೇಶ ಅಲ್ಲಿಯವರೆಗೆ ನಮ್ಮ ಹಾಗೆಯೇ ಗಾಡಿಗಳಿಗೆ ದಾರಿ ಬಿಟ್ಟುಕೊಡುತ್ತ ಬಂದಿತ್ತು.

ಸಭೆ ಮುಗಿಯುವ ಮುಂಚೆ ನಿರ್ಣಯ ಬರೆಸಿ, ಎಲ್ಲರ ಸಹಿ ಹಾಕಿಸಿ. ಬಾಯಿಮಾತಿಗೆ ಒಪ್ಪಿ ಏಳಬೇಡಿ. ಆ ಪುಟದ ಜೆರಾಕ್ಸ್ ನಾಲ್ಕು ಪ್ರತಿ ತೆಗೆದಿಡಿ.

ಹಂತ 6: ಯಾರ ಅಪ್ಪಣೆಯೂ ಬೇಡದ ಕೆಲಸ ಮೊದಲು ಮುಗಿಸಿ

ಅರ್ಜಿ ಬರೆಯುವ ಮುಂಚೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಒಂದು ಭಾನುವಾರ ಮಚ್ಚು, ಕುಡುಗೋಲು ಹಿಡಿದು ತಿರುವಿನ ಜಾಲಿ ಸವರಿ. ಜಮೀನು ಬೇರೆಯವರದ್ದಾದರೆ ಅವರನ್ನು ಕೇಳಿ. ಗೇಟಿನ ಎರಡೂ ಬದಿ ಒಂದಿಷ್ಟು ದೂರ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಯಾರೂ ಗಾಡಿ ನಿಲ್ಲಿಸದಂತೆ ಅಂಗಡಿಯವರ ಜೊತೆ ಮಾತಾಡಿ. ಆ ಭಾಗದ ರಸ್ತೆಯಲ್ಲಿ ಸುಗ್ಗಿಯ ಕಣ ಮಾಡುವುದು ಬೇಡ ಎಂದು ಒಪ್ಪಿಸಿ. ರಾಗಿ ಹುಲ್ಲಿನ ಮೇಲೆ ಬೈಕು ಜಾರುವುದು ಎಲ್ಲರಿಗೂ ಗೊತ್ತು. ಅದನ್ನು ತಪ್ಪಿಸಲು ಗಾಡಿಗಳೆಲ್ಲ ಮಕ್ಕಳು ನಡೆಯುವ ಬದಿಗೇ ಬರುತ್ತವೆ ಎಂಬುದು ಯಾರ ತಲೆಗೂ ಬಂದಿರುವುದಿಲ್ಲ.

ಬಸ್ಸಿನ ಕಂಡಕ್ಟರ್, ಡ್ರೈವರ್ ಹತ್ತಿರ ಮಾತಾಡಿ. ಬಸ್ಸು ಗೇಟನ್ನು ದಾಟಿ ಸ್ವಲ್ಪ ಮುಂದೆ ನಿಂತರೆ ಮಕ್ಕಳು ಅದರ ಹಿಂದಿನಿಂದ ದಾಟುತ್ತಾರೆ. ಮಕ್ಕಳಿಗೂ ಇದನ್ನು ರೂಢಿ ಮಾಡಿಸಿ: ಇಳಿದ ಬಸ್ಸು ಹೊರಟುಹೋಗುವ ತನಕ ದಾಟುವಂತಿಲ್ಲ. ಇದೊಂದು ಅಭ್ಯಾಸಕ್ಕೆ ಕಾಸು ಖರ್ಚಿಲ್ಲ.

ಪಾದಚಾರಿ ದಾರಿ ಇಲ್ಲದ ಕಡೆ ಮಕ್ಕಳು ರಸ್ತೆಯ ಬಲಬದಿಯಲ್ಲಿ, ಎದುರಿಗೆ ಬರುವ ಗಾಡಿ ಕಾಣುವಂತೆ ನಡೆಯಬೇಕು. ಸೈಕಲ್ ಮಾತ್ರ ಎಡಬದಿಯಲ್ಲೇ.

ಹದಿನೆಂಟು ತುಂಬದ ಮಕ್ಕಳ ಕೈಗೆ ಸ್ಕೂಟಿ ಕೊಟ್ಟು ಶಾಲೆಗೆ ಕಳಿಸುವವರು ನಮ್ಮಲ್ಲೇ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಶಿಕ್ಷೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ: ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಸಭೆಯಲ್ಲಿ ಇದನ್ನು ಒಂದು ಸಲ ಗಟ್ಟಿಯಾಗಿ ಓದಿ.

ಎಚ್ಚರಿಕೆ: ರಸ್ತೆಗೆ ಇಳಿದು ಗಾಡಿಗಳಿಗೆ ಕೈ ಅಡ್ಡ ಹಿಡಿಯಬೇಡಿ. ದೊಡ್ಡ ಮಕ್ಕಳನ್ನು ಟ್ರಾಫಿಕ್ ಪೊಲೀಸರ ಹಾಗೆ ನಿಲ್ಲಿಸಬೇಡಿ. ಚಿಕ್ಕವರನ್ನು ಗುಂಪಾಗಿ ದಾಟಿಸಲು ದೊಡ್ಡವರೊಬ್ಬರು ಬದಿಯಲ್ಲಿ ಇದ್ದರೆ ಸಾಕು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ರಾತ್ರೋರಾತ್ರಿ ಮಣ್ಣು, ಕಲ್ಲು, ಸಿಮೆಂಟ್ ಸುರಿದು ನಾವೇ ಉಬ್ಬು ಮಾಡಿಕೊಳ್ಳುವುದು ಬೇಡವೇ ಬೇಡ. ಹಾಗೆ ಮಾಡಿದ್ದೊಂದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊಣಕಾಲಿನ ಅರ್ಧದಷ್ಟು ಎತ್ತರ, ಗೋಡೆಯಂಥ ಅಂಚು, ಬಣ್ಣವಿಲ್ಲ. ಬೆಳಗಿನ ಜಾವ ಡೇರಿಗೆ ಹಾಲು ಹಾಕಲು ಹೊರಟಿದ್ದ ಟಿವಿಎಸ್ ಮೊಪೆಡ್ಡಿನವರು ಅದರ ಮೇಲಿಂದ ಹಾರಿ ಬಿದ್ದರು. ಕ್ಯಾನಿನ ಹಾಲು ರಸ್ತೆಯಲ್ಲಿ ಹರಿದು ಬೆಳ್ಳಗೆ ಮಡುಗಟ್ಟಿತ್ತು. ಅವರ ಕೈಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಹಿಡಿದವು. ಉಬ್ಬು ಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು.

ಹಂತ 7: ಅರ್ಜಿ ಬರೆಯಿರಿ

ಅರ್ಜಿ ಎಂದರೆ ಕೈ ನಡುಗುವವರಿದ್ದಾರೆ. ಭಯಪಡಬೇಡಿ, ಒಂದೇ ಪುಟ ಸಾಕು. ಮೇಲೆ ದಿನಾಂಕ. ಎಡಕ್ಕೆ 'ಇವರಿಂದ', ಅದರ ಕೆಳಗೆ 'ಇವರಿಗೆ'. ಪಿಡಬ್ಲ್ಯುಡಿ ರಸ್ತೆಯಾದರೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಪಂಚಾಯಿತಿ ರಸ್ತೆಯಾದರೆ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಆಮೇಲೆ ಹೀಗೆ ಬರೆಯಿರಿ:

'ಮಾನ್ಯರೇ, ವಿಷಯ: ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ವಾಹನಗಳ ವೇಗ ತಗ್ಗಿಸುವ ಬಗ್ಗೆ. ನಮ್ಮ ಶಾಲೆಗೆ ದಿನವೂ ಇಷ್ಟು ಮಕ್ಕಳು ಈ ರಸ್ತೆ ದಾಟಿ ಬರುತ್ತಾರೆ. ಇಂಥ ದಿನಾಂಕಗಳಂದು ಬೆಳಗಿನ ಹೊತ್ತು ನಾವು ಅಳೆದು ನೋಡಿದಾಗ 50 ವಾಹನಗಳಲ್ಲಿ ಇಷ್ಟು ವಾಹನಗಳು ಗಂಟೆಗೆ 30 ಕಿ.ಮೀ. ಮೀರಿದ್ದವು. ಅಳತೆಯ ಪಟ್ಟಿ, ಮಕ್ಕಳು ಬರೆದ ನಕ್ಷೆ, ಎಸ್‌ಡಿಎಂಸಿ ನಿರ್ಣಯ ಲಗತ್ತಿಸಿದ್ದೇವೆ. ದಯವಿಟ್ಟು ಸ್ಥಳ ಪರಿಶೀಲನೆ ಮಾಡಿ, ಕೆಳಗಿನ ಕಾಮಗಾರಿಗಳನ್ನು ಕೈಗೊಳ್ಳಬೇಕೆಂದು ವಿನಂತಿ.'

ಕೆಳಗೆ ಏನೇನು ಕೇಳಬೇಕೆಂಬುದನ್ನು ಮುಂದಿನ ಹಂತದಿಂದ ಆರಿಸಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೀಲಿಲ್ಲದ ಪ್ರತಿ ಬರೀ ಕಾಗದ. 'ನಾಳೆ ಬನ್ನಿ' ಎಂದರೆ ನಾಳೆ ಹೋಗಿ, ಆದರೆ ಸೀಲು ಇಲ್ಲದೆ ಬಸ್ಸು ಹತ್ತಬೇಡಿ.

ಹಂತ 8: ಏನು ಕೇಳಬೇಕು, ಎಷ್ಟು ಅಳತೆ

ಉಬ್ಬಿಗೂ ಒಂದು ಲೆಕ್ಕವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾರ್ಗಸೂಚಿ ಅದಕ್ಕಾಗಿಯೇ ಇದೆ. 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂಥ ಗುಂಡನೆಯ ಉಬ್ಬು, ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ. ನಮ್ಮ ಮಾತಿನಲ್ಲಿ ಹನ್ನೆರಡು ಅಡಿ ಉದ್ದ, ನಾಲ್ಕು ಇಂಚು ಎತ್ತರ. ಕಂಬಳಿ ಕೆಳಗೆ ದಿಂಬು ಇಟ್ಟಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಊರುಗಳಲ್ಲಿ ಕಾಣುವ ಎರಡಡಿ ಅಗಲದ ಗೂನು ಉಬ್ಬಿಗೂ ಇದಕ್ಕೂ ಬಹಳ ವ್ಯತ್ಯಾಸ. ಗೂನಿನ ಮೇಲೆ ನಿಧಾನ ಹೋದವರ ಬೆನ್ನೂ ಮುರಿಯುತ್ತದೆ, ಈರುಳ್ಳಿ ಮೂಟೆಯೂ ಉರುಳುತ್ತದೆ, ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವ 108 ಗಾಡಿಯೂ ಒದ್ದಾಡುತ್ತದೆ. ಲೆಕ್ಕದ ಉಬ್ಬಿನ ಮೇಲೆ ನಿಧಾನ ಹೋದವರಿಗೆ ಗೊತ್ತೇ ಆಗುವುದಿಲ್ಲ, ಜೋರಾಗಿ ಹೋದವರಿಗೆ ಮಾತ್ರ ತಟ್ಟುತ್ತದೆ. ಸಭೆಯಲ್ಲಿ ಮೂಟೆಯ ಮಾತಾಡಿದವರಿಗೆ ಇದನ್ನು ಹೇಳಿ.

ಉಬ್ಬಿನ ಮೇಲೆ ಕಪ್ಪು ಬಿಳಿ ಪಟ್ಟೆ ಬೇಕು. ಸುಮಾರು 40 ಮೀಟರ್ ಮುಂಚೆಯೇ ಎಚ್ಚರಿಕೆಯ ಬೋರ್ಡು ಬೇಕು. ರಾತ್ರಿ ಹೊಳೆಯುವ ಬಣ್ಣ ಬೇಕು. ಈ ಮೂರೂ ಸೇರಿ ಒಂದು ಉಬ್ಬು ಎಂದು ಅರ್ಜಿಯಲ್ಲೇ ಬರೆಯಿರಿ.

ಮಕ್ಕಳು ದಾಟುವ ಜಾಗ ಒಂದೇ ಆಗಿದ್ದರೆ ಇನ್ನೂ ಒಳ್ಳೆಯದೊಂದಿದೆ: ಮೇಲೆ ಚಪ್ಪಟೆಯಾಗಿ, ಅದರ ಮೇಲೇ ಜೀಬ್ರಾ ಪಟ್ಟೆ ಬಳಿದ ಟೇಬಲ್ ಟಾಪ್. ಗಾಡಿ ಏರಬೇಕು, ಮಗು ಸಮತಟ್ಟಿನಲ್ಲಿ ದಾಟುತ್ತದೆ.

ಬೋರ್ಡು ಒಂದನ್ನೇ ಕೇಳಿ ಸುಮ್ಮನಾಗಬೇಡಿ. 'ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ' ಎಂಬ ಬೋರ್ಡನ್ನು ದಿನಾ ನೋಡುವವನ ಕಣ್ಣು ಒಂದು ವಾರದಲ್ಲಿ ಅದನ್ನು ಮರೆಯುತ್ತದೆ. ರಸ್ತೆ ಅಗಲವಾಗಿ, ನೇರವಾಗಿ, ನುಣುಪಾಗಿ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ರಸ್ತೆ ಕಿರಿದಾಗಿ ಕಂಡರೆ ತಾನಾಗಿ ಎತ್ತುತ್ತದೆ. ಆದ್ದರಿಂದ ಅಂಚಿಗೆ ಬಿಳಿ ಗೆರೆ ಎಳೆದು, ಅದರಾಚೆ ಮಕ್ಕಳು ನಡೆಯಲು ಗಟ್ಟಿಮಣ್ಣಿನ ದಾರಿ ಕೇಳಿ. ಗಾಡಿಗೆ ರಸ್ತೆ ಕಿರಿದಾಯಿತು, ಮಗುವಿಗೆ ದಾರಿ ಸಿಕ್ಕಿತು.

ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ಪ್ರಾಥಮಿಕ ಶಾಲೆಗಳ ಸುತ್ತ ಅಮೆಂಡ್ ಎಂಬ ಸಂಸ್ಥೆ ಮಾಡಿದ್ದು ಇಂಥವೇ ಸಣ್ಣ ಕೆಲಸ: ಉಬ್ಬು, ನಡೆದಾರಿ, ಬೋರ್ಡು, ಗೇಟಿನ ಜಾಗ ಬದಲಾವಣೆ. 2019ರಲ್ಲಿ ಅದಕ್ಕೆ ಡಬ್ಲ್ಯುಆರ್‌ಐ ರಾಸ್ ಸೆಂಟರ್ ಪ್ರಶಸ್ತಿ ಬಂತು. ಗೇಟಿನ ಜಾಗ ಬದಲಾವಣೆ ಎಂದೆನಲ್ಲ, ಅದನ್ನು ನೀವೂ ಯೋಚಿಸಿ. ಮುಖ್ಯರಸ್ತೆಗೆ ತೆರೆಯುವ ಗೇಟಿಗೆ ಬೀಗ ಹಾಕಿ, ಪಕ್ಕದ ಸಣ್ಣ ಬೀದಿಗೆ ಬಾಗಿಲು ಮಾಡಿದರೆ ಎಷ್ಟೋ ಶಾಲೆಗಳಲ್ಲಿ ಅರ್ಧ ಕೆಲಸ ಮುಗಿಯುತ್ತದೆ.

ಹಂತ 9: ಪೊಲೀಸ್ ಠಾಣೆಗೂ ಜಿಲ್ಲಾಧಿಕಾರಿಗೂ ಒಂದೊಂದು ಪ್ರತಿ

ಅದೇ ಅರ್ಜಿಯ ಪ್ರತಿಯನ್ನು ಠಾಣೆಗೆ ಕೊಡಿ, ಶಾಲೆ ಹೊತ್ತಿನಲ್ಲಿ ವಾರಕ್ಕೆರಡು ಸಲ ಬಂದು ನಿಲ್ಲಲು ಕೇಳಿ. ಇನ್ನೊಂದು ಪ್ರತಿ ಚಿಕ್ಕಮಗಳೂರಿಗೆ ಹೋಗಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸ್, ಆರ್‌ಟಿಒ, ಪಿಡಬ್ಲ್ಯುಡಿ ಮೂವರೂ ಒಂದೇ ಮೇಜಿಗೆ ಬರುವುದು ಅಲ್ಲಿ. ವೇಗದ ಮಿತಿ ಗೊತ್ತುಮಾಡಲು ಮೋಟಾರು ವಾಹನ ಕಾಯ್ದೆಯ 112ನೇ ಕಲಂ, ಭಾರಿ ಗಾಡಿಗಳನ್ನು ನಿರ್ದಿಷ್ಟ ಹೊತ್ತಿನಲ್ಲಿ ನಿರ್ಬಂಧಿಸಲು 115ನೇ ಕಲಂ ಇದೆ. ಟಿಪ್ಪರ್ ಹಾವಳಿ ಇರುವ ಊರಿನವರು ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಅವುಗಳಿಗೆ ತಡೆ ಕೇಳಬಹುದು.

ಹಂತ 10: ಬೆನ್ನು ಬಿಡಬೇಡಿ

ಒಂದು ತಿಂಗಳು ಕಾಯಿರಿ. ಏನೂ ಸದ್ದಿಲ್ಲದಿದ್ದರೆ ಸೀಲು ಬಿದ್ದ ಪ್ರತಿ ಹಿಡಿದು ಹೋಗಿ ಕೇಳಿ. ಸಿಟ್ಟು ಬೇಡ, ಹೆಸರು ಮತ್ತು ದಿನಾಂಕ ಸಾಕು. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ಬರೆಸಿ, ಅವರು ಕೊಡುವ ಸಂಖ್ಯೆ ಗುರುತು ಹಾಕಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕು: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಕೇಳಬೇಕಾದ್ದು ಒಂದೇ ವಿಷಯ: 'ಇಂಥ ದಿನಾಂಕದ ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ.'

ಎಲ್ಲಕ್ಕಿಂತ ನನಗೆ ನಂಬಿಕೆ ಇರುವುದು ಮಕ್ಕಳ ಗ್ರಾಮಸಭೆಯ ಮೇಲೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನವೆಂಬರಿನ ಆಸುಪಾಸಿನಲ್ಲಿ ನಡೆಯುವ ಈ ಸಭೆಯಲ್ಲಿ ಮಕ್ಕಳೇ ಎದ್ದು ಕೇಳುತ್ತಾರೆ, ಅಧಿಕಾರಿಗಳು ಉತ್ತರ ಕೊಡಬೇಕು. ಎರಡನೆಯ ಹಂತದ ನಕ್ಷೆಯನ್ನು ಬರೆದ ಮಗುವಿನ ಕೈಲೇ ಹಿಡಿಸಿ ನಿಲ್ಲಿಸಿ. ಮಾತು ಬಾಯಿಪಾಠ ಮಾಡಿಸಬೇಡಿ. 'ಇಲ್ಲಿ ನನಗೆ ಭಯ ಆಗುತ್ತೆ' ಎಂದು ಬೆರಳಿಟ್ಟು ತೋರಿಸಿದರೆ ಸಾಕು.

ಹಂತ 11: ಕೆಲಸ ನಡೆಯುವ ದಿನ ಅಲ್ಲೇ ಇರಿ

ಡಾಂಬರು ಬಿಸಿಯಿರುವಾಗ ತಿದ್ದಬಹುದು, ಗಟ್ಟಿಯಾದ ಮೇಲೆ ಆಗದು. ಟೇಪು ಒಯ್ಯಿರಿ. ಹನ್ನೆರಡು ಅಡಿ ಬಂದಿದೆಯೇ, ನಾಲ್ಕು ಇಂಚು ಮೀರಿಲ್ಲವೇ ನೋಡಿ. ಅಂಚಿನಲ್ಲಿ ಮಳೆನೀರು ಹರಿಯಲು ಸಂದು ಬಿಟ್ಟಿದ್ದಾರೆಯೇ ನೋಡಿ, ಇಲ್ಲದಿದ್ದರೆ ಮೊದಲ ಮಳೆಗೇ ಗುಂಡಿ. ಕೆಲಸಗಾರರಿಗೆ ಟೀ ತರಿಸಿಕೊಡಿ, ವಿಶ್ವಾಸದಿಂದ ಕೇಳಿ. ಬಣ್ಣ ಮತ್ತು ಬೋರ್ಡು ಬೀಳುವವರೆಗೆ ರಾತ್ರಿ ಹೊತ್ತು ಅಲ್ಲೊಂದು ಬಿಳಿ ಬಣ್ಣ ಬಳಿದ ಡ್ರಮ್ಮು ಇಡಲು ಕಂಟ್ರಾಕ್ಟರನ್ನು ಒತ್ತಾಯಿಸಿ.

ಹಂತ 12: ಮತ್ತೆ ಅಳೆಯಿರಿ

ಒಂದು ತಿಂಗಳು ಬಿಟ್ಟು ಅದೇ ಜಾಗ, ಅದೇ ಹೊತ್ತು, ಅದೇ 50 ಮೀಟರ್, ಅದೇ 50 ಗಾಡಿ. ಮೊದಲ ಸಾಲಿನ ಕೆಳಗೆ ಎರಡನೆಯ ಸಾಲು ಬರೆಯಿರಿ. ವೇಗ ಇಳಿದಿದ್ದರೆ ಎರಡೂ ಸಾಲನ್ನು ದೊಡ್ಡದಾಗಿ ಬರೆದು ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿ. ಕೆಲಸ ಮಾಡಿಕೊಟ್ಟ ಎಂಜಿನಿಯರಿಗೂ ಒಂದು ಪ್ರತಿ ಕಳಿಸಿ, ಧನ್ಯವಾದ ಬರೆಯಿರಿ. ದೂರಿನ ಕಾಗದ ಮಾತ್ರ ಕಂಡವರಿಗೆ ಅದು ದೊಡ್ಡದು. ಇಳಿದಿಲ್ಲವೇ? ನಕ್ಷೆಯ ಎರಡನೆಯ ಕೆಂಪು ಜಾಗದ ಕಡೆ ಹೋಗಿ, ಅಲ್ಲಿಂದ ಮತ್ತೆ ನೋಡಿ.

ಪಟ್ಟೆಯ ಬಣ್ಣ ಒಂದು ಮಳೆಗಾಲ, ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಮಾಸುತ್ತದೆ. ಬೇಸಿಗೆ ರಜೆ ಮುಗಿಯುವ ಮುಂಚೆ, ಮೇ ತಿಂಗಳ ಮೂರನೆಯ ವಾರದಲ್ಲಿ, ಅದನ್ನು ಮತ್ತೆ ಬಳಿಸಲು ಕೇಳುವ ಅರ್ಜಿ ಕಚೇರಿಗೆ ಹೋಗಿರಬೇಕು. ಅದನ್ನು ಯಾರು ಒಯ್ಯುತ್ತಾರೆ ಎಂಬುದನ್ನು ಈಗಲೇ ಎಸ್‌ಡಿಎಂಸಿ ಪುಸ್ತಕದಲ್ಲಿ ಹೆಸರು ಹಾಕಿ ಬರೆದಿಡಿ.